ಗಾಳಿ ನಿಂತ ಮಧ್ಯಾಹ್ನ

ಸಿಂದಗಿ ಕಡೆಯ ಕಣಗಳಲ್ಲಿ ಬಿಳಿಜೋಳದ ರಾಶಿ ತೂರುವವರು ಎತ್ತರದ ಮೆಟ್ಟಿನ ಮೇಲೆ ನಿಂತು ಬುಟ್ಟಿ ಎತ್ತುತ್ತಿದ್ದರು. ಯಂತ್ರ ಬಂದ ಮೇಲೆ ಆ ನೋಟ ಅಪರೂಪವಾಗಿದೆ. ಕಾಳು ಕಾಲಬುಡಕ್ಕೆ, ಹೊಟ್ಟು ದೂರಕ್ಕೆ. ಮೇಲೆ ನಿಂತರೆ ಹೊಟ್ಟು ಬೀಳಲು ಹೆಚ್ಚು ಹೊತ್ತು ಹಿಡಿಯುತ್ತದೆ, ಗಾಳಿಯೂ ಅಲ್ಲಿ ಜೋರು. ನೆಲಕ್ಕೆ ತಾಗಿ ಹೋಗುವ ಗಾಳಿಯನ್ನು ಹೆಂಟೆ, ಕೂಳೆಗಳು ತಡೆದು ಕಲಕುತ್ತವೆ. ಬರಿ ಹೊಲದ ಮೇಲೆ 1 ಮೀಟರ್ ಎತ್ತರದಲ್ಲಿ ಇರುವುದಕ್ಕಿಂತ ಎರಡೂವರೆ ಮೀಟರ್ ಎತ್ತರದಲ್ಲಿ ಗಾಳಿಯ ವೇಗ ಸುಮಾರು ಐದನೇ ಒಂದು ಪಾಲು ಹೆಚ್ಚು. ಎತ್ತರಕ್ಕೆ ತಕ್ಕ ಈ ಏರಿಕೆಯನ್ನು ಅಳೆದರೆ ಗಾಳಿ ಎಷ್ಟು ಕಲಕುತ್ತಿದೆ ಎಂದು ಅಂದಾಜು ಮಾಡಬಹುದು.

ಆ ಕಲಕಾಟ ಇಲ್ಲದಿದ್ದರೆ ಏನಾಗುತ್ತಿತ್ತು? ಏಪ್ರಿಲ್ ಮಧ್ಯಾಹ್ನ ಮುದ್ದೇಬಿಹಾಳದ ಬಿರುಕುಬಿಟ್ಟ ಎರಿ ಹೊಲದ ಮೈ 60 ಡಿಗ್ರಿ ಕಾದಿದೆ, ಒಂದು ಮೀಟರ್ ಮೇಲಿನ ಗಾಳಿ 40 ಡಿಗ್ರಿ ಇದೆ ಎಂದಿಟ್ಟುಕೊಳ್ಳೋಣ. ನಡುವಿನ ಗಾಳಿ ಕದಲದೆ ನಿಂತರೆ ಅದರ ಮೂಲಕ ಮೇಲೇರುವ ಶಾಖ ಚದರ ಮೀಟರಿಗೆ ಬರೀ ಅರ್ಧ ವ್ಯಾಟ್. ಸೂರ್ಯನಿಂದ ಬರುವುದೋ 900 ವ್ಯಾಟ್ ಆಸುಪಾಸು. ಕಪ್ಪು ಮಣ್ಣು ಅದರ ಬಹುಪಾಲನ್ನು ಹೀರಿಕೊಳ್ಳುತ್ತದೆ. ಹೀರಿದ್ದರಲ್ಲಿ ದೊಡ್ಡ ಭಾಗವನ್ನು ಹೊತ್ತೊಯ್ಯುವವು ನೆಲದಿಂದ ಕಿತ್ತು ಮೇಲೇಳುವ ಬಿಸಿಗಾಳಿಯ ತುಣುಕುಗಳು. ಬಿಸಿಲ್ಗುದುರೆಯ ನಡುಗಾಟದಲ್ಲಿ ನಮ್ಮ ಕಣ್ಣಿಗೆ ಬೀಳುವುದು ಅವೇ. ಇಂಡಿಯ ಲಿಂಬೆ ತೋಟದಲ್ಲಾಗಲಿ, ಬಸವನ ಬಾಗೇವಾಡಿಯ ಕಾಲುವೆ ನೀರುಂಡ ಹೊಲದಲ್ಲಾಗಲಿ ಲೆಕ್ಕ ಬೇರೆ. ಒಂದು ಕಿಲೋ ನೀರು ಆವಿಯಾಗಲು ಸುಮಾರು 24 ಲಕ್ಷ ಜೌಲ್ ಬೇಕು. ಬಿಸಿಲಿನ ಹೆಚ್ಚಿನ ಪಾಲು ಅದಕ್ಕೇ ಹೋಗುತ್ತದೆ.

ಗಾಳಿಯ ತಿಕ್ಕಾಟ ಹುಟ್ಟಿಸುವ ಸುಳಿ, ಕಾವು ಹುಟ್ಟಿಸುವ ಸುಳಿ, ಇವೆರಡರಲ್ಲಿ ಯಾವ ಎತ್ತರದಲ್ಲಿ ಯಾವುದರ ಕೈ ಮೇಲು ಎಂಬ ಲೆಕ್ಕವನ್ನು 1954ರಲ್ಲಿ ಸೋವಿಯತ್ ವಿಜ್ಞಾನಿಗಳಾದ ಮೋನಿನ್ ಮತ್ತು ಒಬುಖೋವ್ ಕೊಟ್ಟರು. ದಿನಬಳಕೆಗೆ ಇನ್ನೂ ಸರಳವಾದ ಸೂತ್ರವೊಂದಿದೆ: ಗಾಳಿಯ ವೇಗವನ್ನು ನೆಲ–ಗಾಳಿಯ ತಾಪವ್ಯತ್ಯಾಸದಿಂದ ಗುಣಿಸಿ, ಒಂದು ಗುಣಾಂಕ ಹಚ್ಚಿದರೆ ಶಾಖದ ಹರಿವು ಸಿಗುತ್ತದೆ. ಗಾಳಿ ಬೀಸುವಾಗ ಇದು ಚೆನ್ನಾಗಿಯೇ ನಡೆಯುತ್ತದೆ. ಎಲೆಯೂ ಅಲುಗದ ಮಧ್ಯಾಹ್ನ ಮಾತ್ರ ವೇಗ ಸೊನ್ನೆಯಾದೊಡನೆ ಉತ್ತರವೂ ಸೊನ್ನೆಯತ್ತ ಜಾರುತ್ತದೆ. ಎದುರಿಗೆ ಬಿಸಿಲ್ಗುದುರೆ ಕುಣಿಯುತ್ತಲೇ ಇರುತ್ತದೆ!

ಈ ತೊಡಕನ್ನು ಬಿಡಿಸಿದವರು ನಮ್ಮ ಬೆಂಗಳೂರಿನವರು ಎಂಬುದು ನನಗೆ ಅಭಿಮಾನದ ಸಂಗತಿ. 1990ರ ಮುಂಗಾರಿನಲ್ಲಿ ಮಾಂಟ್‌ಬ್ಲೆಕ್ಸ್ ಎಂಬ ದೊಡ್ಡ ಪ್ರಯೋಗ ನಡೆಯಿತು. ಜೋಧಪುರದ ಒಣ ನೆಲದ ಮೇಲೆ ನಿಲ್ಲಿಸಿದ ಗೋಪುರದ ಅಳತೆಗಳನ್ನು ಕುಸುಮಾ ರಾವ್ ಮತ್ತು ರೊದ್ದಂ ನರಸಿಂಹ ವರ್ಷಗಟ್ಟಲೆ ಪರಿಶೀಲಿಸಿದರು. ಗಾಳಿ ಮಂದವಾಗಿರುವಾಗ ಶಾಖದ ಹರಿವು ಗಾಳಿಯ ವೇಗಕ್ಕೆ ಹೆಚ್ಚುಕಡಿಮೆ ಅಂಟಿಕೊಂಡೇ ಇಲ್ಲ, ಕಾವೇ ತನ್ನ ಸುಳಿಗಳನ್ನು ಹುಟ್ಟಿಸಿಕೊಳ್ಳುತ್ತದೆ ಎಂದು 2006ರಲ್ಲಿ ಪ್ರಕಟಿಸಿದರು.

ಇಂಥ ಗೋಪುರದ ಉಪಕರಣ ಶಬ್ದದ ಅಲೆಗಳಿಂದ ಗಾಳಿಯ ಏರಿಳಿತವನ್ನೂ ತಾಪವನ್ನೂ ಸೆಕೆಂಡಿಗೆ ಹತ್ತಿಪ್ಪತ್ತು ಸಲ ಓದುತ್ತದೆ. ಮೇಲೇರುವ ತುಣುಕು ಸರಾಸರಿಗಿಂತ ಬಿಸಿ, ಕೆಳಗಿಳಿಯುವುದು ತಂಪು. ಪ್ರತಿ ಕ್ಷಣದ ಏರಿಳಿತವನ್ನು ಅದೇ ಕ್ಷಣದ ತಾಪವ್ಯತ್ಯಾಸದಿಂದ ಗುಣಿಸಿ ಅರ್ಧ ಗಂಟೆಯ ಸರಾಸರಿ ತೆಗೆಯುತ್ತಾರೆ. ಒಂದು ಘನ ಮೀಟರ್ ಗಾಳಿಯನ್ನು ಒಂದು ಡಿಗ್ರಿ ಕಾಯಿಸಲು ಸಾವಿರದ ಚಿಲ್ಲರೆ ಜೌಲ್ ಬೇಕು. ಹಾಗಾಗಿ ಆ ಸರಾಸರಿ 0.2 ಬಂದರೂ ಚದರ ಮೀಟರಿಗೆ 200 ವ್ಯಾಟ್ ಮೇಲೇರುತ್ತಿದೆ ಎಂದರ್ಥ.

ಭಾರತ–ಬ್ರಿಟನ್ನಿನ ಇನ್‌ಕಂಪಾಸ್ ಯೋಜನೆಯಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲೂ ಇಂಥ ಅಳತೆ ನಡೆದಿದೆ. ಆದರೆ ಧಾರವಾಡಕ್ಕೆ ಮಳೆ ಹೆಚ್ಚು, ಹಸಿರೂ ಹೆಚ್ಚು. ಅಲ್ಲಿಯ ಅಂಕಿಗಳನ್ನು ಸಿಂದಗಿಯ ಎರಿಗೆ ಹಾಗೇ ಹಚ್ಚಲಾಗದು. ರಾಶಿ ಮುಗಿದ ದಿನದಿಂದ ಮೊದಲ ಮಳೆಗೆ ಬಿರುಕುಗಳು ಮುಚ್ಚುವವರೆಗೆ, ಗಾಳಿ ನಿಂತ ಮಧ್ಯಾಹ್ನಗಳನ್ನೇ ಆರಿಸಿ, ಆ ಎರಿಯ ಮೇಲೇ ಅಳೆಯಬೇಕು.