ಟೈರಿನ ಮೇಲಿನ ಬಾಣ ಯಾವ ಕಡೆ ನೋಡುತ್ತಿದೆ?



ಬೆಳಗಿನ ಹಾಲು ಡೇರಿಗೆ ಹಾಕಿ ಬಂದು, ಕ್ಯಾನು ತೊಳೆದು ಬೋರಲು ಹಾಕಿದ ಮೇಲೆ, ಐದು ನಿಮಿಷ ಬಿಡುವು ಮಾಡಿಕೊಂಡು ನಿಮ್ಮ ಸ್ಕೂಟರಿನ ಪಕ್ಕ ಕುಳಿತುಕೊಳ್ಳಿ. ಹಳೇ ಬಟ್ಟೆಯಿಂದ ಟೈರಿನ ಪಕ್ಕಕ್ಕೆ ಅಂಟಿದ ಸಗಣಿ, ಕೆಸರು ಒರೆಸಿ. ಕಂಪನಿಯ ಹೆಸರು, ಅಳತೆಯ ಅಂಕಿಗಳ ನಡುವೆ ಎಲ್ಲೋ ಒಂದು ಕಡೆ ಸಣ್ಣ ಬಾಣದ ಗುರುತು ಉಬ್ಬಿಕೊಂಡಿರುತ್ತದೆ. ಅದರ ಜೊತೆ ಇಂಗ್ಲಿಷಿನಲ್ಲಿ ‘ರೊಟೇಷನ್’ ಎಂದು ಬರೆದಿರಬಹುದು. ಇಂಗ್ಲಿಷ್ ಓದಲು ಬಾರದಿದ್ದರೂ ಚಿಂತೆಯಿಲ್ಲ, ಬಾಣ ಕಂಡರೆ ಸಾಕು. ಗಾಡಿ ಮುಂದಕ್ಕೆ ಹೋಗುವಾಗ ಟೈರು ಆ ಬಾಣ ತೋರಿಸಿದ ದಿಕ್ಕಿಗೇ ಉರುಳಬೇಕು.

ಕಳೆದ ಮಳೆಗಾಲದವರೆಗೆ ನಾನೂ ಇದನ್ನು ಗಮನಿಸಿದವಳಲ್ಲ. ಸಂಘಗಳ ಭೇಟಿಗೆ ಎಷ್ಟೋ ವರ್ಷದಿಂದ ಸ್ಕೂಟರಿನಲ್ಲೇ ಓಡಾಡುತ್ತೇನೆ. ಹಿಂದಿನ ಟೈರು ಸವೆದಿತ್ತು, ಹೊಸದು ಹಾಕಿಸಿದ್ದೆ. ಹತ್ತು ದಿನವೂ ಆಗಿರಲಿಲ್ಲ. ಮಳೆ ಆಗಷ್ಟೇ ನಿಂತ ಒಂದು ಬೆಳಗ್ಗೆ, ಊರೊಳಗಿನ ಕಾಂಕ್ರೀಟ್ ರಸ್ತೆಯ ತಿರುವಿನಲ್ಲಿ ಎಮ್ಮೆಯೊಂದು ಅಡ್ಡ ಬಂತು. ಬ್ರೇಕ್ ಹಿಡಿದೆ, ಹಿಂದಿನ ಚಕ್ರ ಪಕ್ಕಕ್ಕೆ ಜಾರಿತು, ನಾನು ಕೆಳಗಿದ್ದೆ. ಮೊಣಕೈ ತರಚಿತು, ಅಷ್ಟೇ. ಹಾಲು ಹಾಕಲು ಹೊರಟಿದ್ದ ಸದಸ್ಯೆಯೊಬ್ಬರು ಓಡಿ ಬಂದು ಎಬ್ಬಿಸಿದರು. ಗಾಡಿ ಎತ್ತಿ ನಿಲ್ಲಿಸಿದ ಅವರ ಮಗ ಟೈರನ್ನು ನೋಡಿ, “ಮೇಡಂ, ನಿಮ್ಮ ಟೈರ್ ಉಲ್ಟಾ ಕೂರಿಸಿದಾರೆ” ಎಂದ.

ಅದೊಂದೇ ಕಾರಣದಿಂದ ಬಿದ್ದೆ ಎಂದು ನಾನು ಹೇಳಲಾರೆ. ಗಾಳಿಯೂ ಕಡಿಮೆಯಿತ್ತು, ಹೊಸ ಟೈರಿನ ಮೇಲಿನ ನುಣುಪೂ ಹೋಗಿರಲಿಲ್ಲ. ಹೊಸ ಟೈರು ಹಾಕಿಸಿದಾಗ ಮೊದಲ 100-150 ಕಿಲೋಮೀಟರ್ ನಿಧಾನವಾಗಿ ಓಡಿಸಬೇಕು ಎನ್ನುವುದು ಅದಕ್ಕೇ. ಆದರೆ ಉಲ್ಟಾ ಕೂತಿದ್ದಂತೂ ನಿಜ. ದುಡ್ಡು ಕೊಟ್ಟು ಬರುವಾಗ ನಾನು ಒಮ್ಮೆ ಬಗ್ಗಿ ನೋಡಿದ್ದರೆ ಗೊತ್ತಾಗುತ್ತಿತ್ತು.

ಬಗ್ಗಿ ನೋಡುವುದರಲ್ಲೂ ಒಂದು ಗೊಂದಲವಿದೆ. ಬಾಣ ಚಕ್ರದ ಮೇಲ್ಭಾಗದಲ್ಲಿದ್ದಾಗ ಹೆಡ್‌ಲೈಟ್ ಕಡೆ ನೋಡುತ್ತಿದ್ದರೆ ಸರಿ. ಅದೇ ಬಾಣ ಉರುಳಿ ನೆಲದ ಹತ್ತಿರ ಬಂದಾಗ ಹಿಂದಕ್ಕೆ ತೋರಿಸುತ್ತದೆ, ಆಗಲೂ ಅದು ಸರಿಯೇ. ಕೆಳಗೆ ನೋಡಿ ಗಾಬರಿಯಾಗಬೇಡಿ. ಬಾಣವನ್ನು ಮೇಲಕ್ಕೆ ತಂದು ನೋಡಿ. ಮುಂದಿನ ಚಕ್ರವಾದರೆ ಗಾಡಿಯನ್ನು ಎರಡು ಹೆಜ್ಜೆ ತಳ್ಳಿದರೆ ಆಯಿತು. ಹಿಂದಿನದು ಸ್ವಲ್ಪ ಕಷ್ಟ, ಒಂದು ಕಡೆ ಇಂಜಿನ್, ಇನ್ನೊಂದು ಕಡೆ ಸೈಲೆನ್ಸರ್ ಅಡ್ಡ. ಇಂಜಿನ್ ಆರಿಸಿ, ಕೀಲಿ ಕೈಯಲ್ಲಿಟ್ಟುಕೊಂಡು, ಡಬಲ್ ಸ್ಟ್ಯಾಂಡ್ ಹಾಕಿ, ಚಕ್ರವನ್ನು ಕೈಯಿಂದ ನಿಧಾನಕ್ಕೆ ಮುಂದಕ್ಕೆ ತಿರುಗಿಸುತ್ತಾ ಮೊಬೈಲ್ ಟಾರ್ಚ್ ಬಿಟ್ಟು ಹುಡುಕಿ. ಸೈಲೆನ್ಸರ್ ಆರಿದ ಮೇಲೆ ಮಾಡಿ. ಡೇರಿಯಿಂದ ಬಂದ ತಕ್ಷಣ ಕೈ ಹಾಕಿದರೆ ಬೊಬ್ಬೆ ಬಂದೀತು.

ಎಷ್ಟು ಹುಡುಕಿದರೂ ಬಾಣ ಸಿಗದಿದ್ದರೆ, ಅದು ಯಾವ ಕಡೆ ಬೇಕಾದರೂ ಹಾಕಬಹುದಾದ ಟೈರು ಇರಬಹುದು. ಅಂಥವೂ ಇವೆ.

ಟೈರಿಗೆ ದಿಕ್ಕು ಯಾಕೆ ಬೇಕು? ಹಸುವಿನ ಮೈ ತೊಳೆಯುವಾಗ ನೋಡಿದ್ದೀರಲ್ಲ, ನೀರು ರೋಮ ಮಲಗಿದ ಕಡೆಗೆ ಸಲೀಸಾಗಿ ಇಳಿದುಹೋಗುತ್ತದೆ. ಎದುರು ದಿಕ್ಕಿಗೆ ಉಜ್ಜಿದರೆ ಅಲ್ಲಲ್ಲೇ ನಿಲ್ಲುತ್ತದೆ. ಟೈರಿನ ಮೇಲಿನ ಓರೆ ಗೆರೆಗಳ ಕೆಲಸವೂ ಹೆಚ್ಚುಕಡಿಮೆ ಅದೇ. ಒದ್ದೆ ರಸ್ತೆಯಲ್ಲಿ ಚಕ್ರದ ಅಡಿಗೆ ಸಿಕ್ಕ ನೀರನ್ನು ನಡುವಿನಿಂದ ಎರಡೂ ಅಂಚಿಗೆ ತಳ್ಳುವಂತೆ ಅವನ್ನು ಕೊರೆದಿರುತ್ತಾರೆ. ಟೈರು ಉಲ್ಟಾ ಆದರೆ ಆ ಕೆಲಸ ಅಷ್ಟು ಚೆನ್ನಾಗಿ ಆಗುವುದಿಲ್ಲ. ಒಣ ರಸ್ತೆಯಲ್ಲಿ ನಿಮಗೆ ಒಂದಿಷ್ಟೂ ವ್ಯತ್ಯಾಸ ಗೊತ್ತಾಗದು. ಹಾಗಾಗಿಯೇ ತಿಂಗಳುಗಟ್ಟಲೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಇನ್ನೊಂದು ಕಾರಣ ಟೈರಿನ ಒಳಗಿದೆ. ನೆಲಕ್ಕೆ ತಾಗುವ ರಬ್ಬರನ್ನು ಹಲವು ಟೈರುಗಳಲ್ಲಿ ಉದ್ದ ಪಟ್ಟಿಯಂತೆ ಸುತ್ತಿ, ಎರಡು ತುದಿಗಳನ್ನು ಓರೆಯಾಗಿ ಕತ್ತರಿಸಿ, ಒಂದರ ಮೇಲೊಂದು ಕೂರಿಸಿ ಬೆಸೆಯುತ್ತಾರೆ. ಮಾಡಿಗೆ ಹೆಂಚು ಹೊದಿಸುವಾಗ ಮೇಲಿನ ಹೆಂಚು ಕೆಳಗಿನದರ ಮೇಲೆ ಬರಬೇಕು ತಾನೇ? ತಪ್ಪಿದರೆ ನೀರು ಸಂದಿಗೆ ನುಗ್ಗುತ್ತದೆ. ಇಲ್ಲೂ ಎಳೆತ ಬಿದ್ದಾಗ ಬೆಸುಗೆ ಒತ್ತಿಕೊಳ್ಳಬೇಕೇ ಹೊರತು ಬಿಚ್ಚಿಕೊಳ್ಳುವ ಕಡೆಗೆ ಎಳೆಯಬಾರದು. ಹಿಂದಿನ ಚಕ್ರಕ್ಕೆ ಇಂಜಿನ್ ಎಳೆಯುವ ಬಲ ಹೆಚ್ಚು. ಮುಂದಿನ ಚಕ್ರಕ್ಕೆ ಬ್ರೇಕ್ ಹಿಡಿದಾಗಿನ ಬಲ ಹೆಚ್ಚು, ಅದು ವಿರುದ್ಧ ದಿಕ್ಕಿನದು. ಹಾಗಾಗಿ ಕೆಲವು ಟೈರುಗಳ ಮೇಲೆ ಎರಡು ಬಾಣಗಳಿರುತ್ತವೆ: ಒಂದು ಮುಂದಿನ ಚಕ್ರಕ್ಕೆ, ಒಂದು ಹಿಂದಿನದಕ್ಕೆ, ಒಂದಕ್ಕೊಂದು ಎದುರು. ಎರಡೂ ಚಕ್ರ ಒಂದೇ ಅಳತೆಯ ಸ್ಕೂಟರಿನಲ್ಲಿ ಹಿಂದಿನ ಟೈರನ್ನು ಮುಂದಕ್ಕೆ ಹಾಕಿಸಿಕೊಳ್ಳುವವರು ಇದನ್ನು ನೆನಪಿಟ್ಟುಕೊಳ್ಳಿ.

ತಪ್ಪು ಆಗುವುದು ಎಲ್ಲಿ ಗೊತ್ತೇ? ಟ್ಯೂಬ್‌ಲೆಸ್ ಟೈರಿಗೆ ಹೊರಗಿನಿಂದ ರಬ್ಬರ್ ತುರುಕಿ ಪಂಕ್ಚರ್ ಹಾಕಿದರೆ ಟೈರು ಬಿಚ್ಚುವುದೇ ಇಲ್ಲ, ದಿಕ್ಕು ಬದಲಾಗುವ ಪ್ರಶ್ನೆಯಿಲ್ಲ. ಟ್ಯೂಬ್ ಇರುವ ಟೈರನ್ನು ರಿಮ್ಮಿನಿಂದ ಪೂರ್ತಿ ಕಳಚಿದಾಗ, ಅಥವಾ ಹೊಸ ಟೈರು ಹಾಕುವಾಗ, ತಿರುವುಮುರುವಾಗುತ್ತದೆ. ಹುಡುಗರು ಬೇಕೆಂದು ಮಾಡುವುದಲ್ಲ, ಸಂಜೆ ಹೊತ್ತು ನಾಲ್ಕು ಗಾಡಿ ಸಾಲಿನಲ್ಲಿ ನಿಂತಿದ್ದರೆ ಯಾರಿಗಾದರೂ ಆದೀತು. ಗೇರ್ ಇಲ್ಲದ ಸ್ಕೂಟರಿನ ಹಿಂದಿನ ಚಕ್ರ ಒಂದೇ ಬದಿಯಿಂದ ಕೂರುತ್ತದೆ. ಮುಂದಿನದೂ ಬ್ರೇಕ್ ಒಂದು ಬದಿಗೆ ಇರುವುದರಿಂದ ತಿರುಗಿಸಿ ಹಾಕಲು ಬರುವುದಿಲ್ಲ. ಅಂದರೆ ಉಲ್ಟಾ ಆದ ಟೈರನ್ನು ಸರಿಮಾಡಲು ಚಕ್ರ ಬಿಚ್ಚಿದರೆ ಸಾಲದು, ರಿಮ್ಮಿನಿಂದ ಟೈರು ಕಳಚಿ ಮಗ್ಗುಲು ಬದಲಿಸಿ ಮತ್ತೆ ಹಾಕಬೇಕು. ಆದ್ದರಿಂದ ಟೈರು ರಿಮ್ಮಿಗೆ ಏರುವ ಮೊದಲೇ ಕೇಳಿ: “ಬಾಣ ನೋಡ್ಕೊಂಡ್ಯೇನಪ್ಪ?” ಗಾಳಿ ತುಂಬಿಸಿದ ಮೇಲೆ ಕೇಳಿದರೆ ಇಬ್ಬರಿಗೂ ಎರಡು ಕೆಲಸ.

ಹೊಸ ಟೈರು ಕೊಳ್ಳುವಾಗ ಅದರ ಪಕ್ಕದಲ್ಲಿ ತಯಾರಾದ ದಿನದ ನಾಲ್ಕು ಅಂಕಿಗಳನ್ನೂ ನೋಡಿ. 2324 ಎಂದಿದ್ದರೆ 2024ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಅಂಗಡಿಯಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಟೈರಿಗೆ ಹೊಸದರ ಬೆಲೆ ಕೊಡಬೇಕಾಗಿಲ್ಲ.

ನಮ್ಮಂಥವರಿಗೆ ಇದು ಯಾಕೆ ಹೆಚ್ಚು ಮುಖ್ಯ ಎಂದರೆ, ಪೇಟೆಗೆ ಹೋಗಿಬರುವವರ ಗಾಡಿಯಂತಲ್ಲ ನಮ್ಮ ಗಾಡಿ. ಲ್ಯಾಕ್ಟೋಮೀಟರ್ 28 ತೋರಿಸುವ ಹಾಲು ಲೀಟರಿಗೆ 1.028 ಕೆಜಿ ತೂಗುತ್ತದೆ. 20 ಲೀಟರ್ ಎಂದರೆ ಕ್ಯಾನಿನ ತೂಕ ಬಿಟ್ಟು ಇಪ್ಪತ್ತೂವರೆ ಕೆಜಿ. ಅರೆ ತುಂಬಿದ ಕ್ಯಾನಾದರೆ ಬ್ರೇಕ್ ಹಿಡಿದಾಗ ಒಳಗೆ ಹಾಲು ತುಳುಕಿ ಗಾಡಿಯನ್ನೇ ಎಳೆಯುತ್ತದೆ. ಇನ್ನು ನಾವು ಹೋಗುವ ದಾರಿ: ಕೊಟ್ಟಿಗೆಯ ಮುಂದಿನ ಸಗಣಿ ನೀರು, ಕೆಮ್ಮಣ್ಣಿನ ಕೆಸರು, ಸುಗ್ಗಿಯಲ್ಲಿ ಒಕ್ಕಲು ರಸ್ತೆಗೆ ಹರಡಿದ ರಾಗಿ ಹುಲ್ಲು, ಅದರ ಮೇಲೆ ಬಿದ್ದ ಇಬ್ಬನಿ. ಇಷ್ಟರ ಮೇಲೆ ಡೇರಿ ಬಾಗಿಲು ಹಾಕುವ ಮುಂಚೆ ತಲುಪುವ ಅವಸರ. ಒದ್ದೆ ಹುಲ್ಲಿನ ಮೇಲೆ ಟೈರು ಸರಿಯಾದ ದಿಕ್ಕಿಗಿದ್ದರೂ ಜಾರುತ್ತದೆ, ಅಲ್ಲಿ ಇಳಿದು ತಳ್ಳಿಕೊಂಡು ಹೋಗುವುದೇ ಮೇಲು. ಗಾಳಿಯನ್ನು ವಾರಕ್ಕೊಮ್ಮೆ, ಗಾಡಿ ಓಡಿ ಬಿಸಿಯಾಗುವ ಮುಂಚೆ ನೋಡಿಸಿ. ಹೊರೆ ಹೇರಿದಾಗ ಹಿಂದಿನ ಚಕ್ರಕ್ಕೆ ಎಷ್ಟಿರಬೇಕು ಎಂಬುದು ಗಾಡಿಯ ಪುಸ್ತಕದಲ್ಲಿದೆ.

ಈಗ ನೋಡಿದಾಗ ನಿಮ್ಮ ಬಾಣ ಹಿಂದಕ್ಕೆ ತಿರುಗಿದ್ದರೆ ಗಾಡಿ ಮೂಲೆಗೆ ನಿಲ್ಲಿಸಬೇಕಾಗಿಲ್ಲ. ಒದ್ದೆ ರಸ್ತೆಯಲ್ಲಿ ನಿಧಾನಕ್ಕೆ ಹೋಗಿ, ಟೈರು ಹಾಕಿದ ಅಂಗಡಿಯಲ್ಲೇ ತೋರಿಸಿ. ನನಗಂತೂ ಮರುಮಾತಿಲ್ಲದೆ, ದುಡ್ಡೂ ತೆಗೆದುಕೊಳ್ಳದೆ ಸರಿಮಾಡಿಕೊಟ್ಟರು. ಮಧ್ಯಾಹ್ನ ಹೋಗಿ, ಆಗ ಅಂಗಡಿಯಲ್ಲಿ ಜನ ಕಡಿಮೆ, ಸಂಜೆ ಹಾಲು ಕರೆಯುವ ಹೊತ್ತಿಗೆ ಮನೆಗೆ ಬಂದಿರುತ್ತೀರಿ.