ಚೈನಿನ ಸವಕಳಿ, ಸವಾರನ ಕ್ಷೇಮ

ಮಹಾಬಳೇಶ್ವರದಲ್ಲಿ ಹುಟ್ಟಿ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳ ನಡುವೆ ಹರಿದು, ರಾಯಚೂರು ಸೀಮೆಯನ್ನು ದಾಟಿ ತೆಲುಗು ನಾಡನ್ನು ಸೇರುವ ಕೃಷ್ಣೆಯು, ಸಮುದ್ರವನ್ನು ಕೂಡುವ ಮುನ್ನ ವಿಜಯವಾಡದ ಪ್ರಕಾಶಂ ಬ್ಯಾರೇಜಿನಲ್ಲಿ ಒಮ್ಮೆ ತಡೆದು ನಿಲ್ಲುತ್ತಾಳೆ. 1957ರಲ್ಲಿ ಪೂರ್ಣಗೊಂಡ ಈ ಬ್ಯಾರೇಜಿನಿಂದ ಹೊರಡುವ ಕಾಲುವೆಗಳು ನಗರವನ್ನು ಸೀಳಿಕೊಂಡು ಹೋಗುತ್ತವೆ. ನಗರದ ಪೂರ್ವಭಾಗದಲ್ಲಿರುವ ಬಡಾವಣೆಯೇ ಪಟಮಟ. ಇಂದ್ರಕೀಲಾದ್ರಿ, ಗುಣದಲ ಮುಂತಾದ ಗುಡ್ಡಗಳನ್ನು ಬಿಟ್ಟರೆ ಇಲ್ಲಿಯ ನೆಲವು ಬಹುಮಟ್ಟಿಗೆ ಸಮತಟ್ಟಾದುದು. ಇಂತಹ ನೆಲದಲ್ಲಿ ಸೈಕಲ್ ತುಳಿಯುವವನಿಗೆ ಹತ್ತಾರು ಗೇರುಗಳ ಅವಶ್ಯಕತೆಯಿಲ್ಲ. ಒಂದೇ ಗೇರು ಸಾಕು.

ಇದೇ ನದಿಯ ಮೇಲ್ದಂಡೆಯ ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ಕನ್ನಡ ನಾಡಿಗೂ ದೇಶಕ್ಕೂ ಅನೇಕ ಸೈಕಲ್ ಪಟುಗಳನ್ನು ನೀಡಿವೆಯೆಂಬುದು ಸರ್ವವಿದಿತ. ಅಲ್ಲಿಯ ಜಾತ್ರೆಗಳಲ್ಲಿ ಇಂದಿಗೂ ಸೈಕಲ್ ಪಂದ್ಯಗಳು ನಡೆಯುತ್ತವೆ. ಈ ಪಟುಗಳು ವೆಲೊಡ್ರೋಮ್ ಎಂಬ ಇಳಿಜಾರು ಅಂಚಿನ ಓಟದ ಅಂಕಣದಲ್ಲಿ ಸ್ಪರ್ಧಿಸುವಾಗ ಬಳಸುವುದು ಫಿಕ್ಸೆಡ್ ಗೇರ್ ಸೈಕಲ್ಲನ್ನು. ಒಂದು ಕಾಲಕ್ಕೆ ಅಂಕಣಕ್ಕೆ ಮಾತ್ರ ಸೀಮಿತವಾಗಿದ್ದ ಈ ವಾಹನವು ಈಗ ಮಹಾನಗರಗಳ ಯುವಕರ ಕೈಗೂ ಬಂದಿದೆ. ಮಗನು ಇಂತಹ ಸೈಕಲ್ ಬೇಕೆಂದು ಹಠ ಹಿಡಿದಾಗ, ಪಟಮಟದಲ್ಲಿರಲಿ, ಮುಂಬಯಿಯಲ್ಲಿರಲಿ, ತಂದೆಯಾದವನು ಮೊದಲು ಕೇಳುವ ಪ್ರಶ್ನೆ ಅದರ ಬೆಲೆಯನ್ನು ಕುರಿತದ್ದು. ಕೇಳಬೇಕಾದ ಪ್ರಶ್ನೆಯಾದರೋ ಅದರ ಚೈನನ್ನು ಕುರಿತದ್ದು.

ಫಿಕ್ಸೆಡ್ ಗೇರ್ ಎಂದರೇನು?

ಸಾಮಾನ್ಯ ಸೈಕಲ್ಲಿನ ಹಿಂಗಾಲಿಯಲ್ಲಿ ‘ಫ್ರೀವೀಲ್’ ಎಂಬ ಸಾಧನವಿರುತ್ತದೆ. ತುಳಿಯುವುದನ್ನು ನಿಲ್ಲಿಸಿದರೂ ಗಾಲಿಯು ಟಿಕಟಿಕನೆ ಸದ್ದು ಮಾಡುತ್ತ ಮುಂದೆ ಉರುಳುವುದು ಇದರಿಂದಲೇ. ಫಿಕ್ಸೆಡ್ ಗೇರಿನಲ್ಲಿ ಈ ಸೌಕರ್ಯವಿಲ್ಲ. ಹಿಂದಿನ ಹಲ್ಲುಚಕ್ರವು ಗಾಲಿಗೆ ಬಿಗಿಯಾಗಿ ಕೂಡಿಕೊಂಡಿರುವುದರಿಂದ ಗಾಲಿ ತಿರುಗುವವರೆಗೂ ಪೆಡಲು ತಿರುಗಲೇಬೇಕು. ಪೆಡಲು ತಿರುಗುವವರೆಗೂ ಕಾಲು ಆಡಲೇಬೇಕು. ವೇಗವನ್ನು ತಗ್ಗಿಸಬೇಕಾದರೆ ಸವಾರನು ಕಾಲಿನಿಂದ ಪೆಡಲನ್ನು ಹಿಂದಕ್ಕೆ ಒತ್ತಿ ಹಿಡಿಯಬೇಕು.

ಇದರ ಅರ್ಥವೇನೆಂಬುದನ್ನು ಓದುಗರು ಗಮನಿಸಬೇಕು. ಸಾಮಾನ್ಯ ಸೈಕಲ್ಲಿನಲ್ಲಿ ಚೈನು ಗಾಲಿಯನ್ನು ಮುಂದಕ್ಕೆ ಎಳೆಯುವ ಕೆಲಸವೊಂದನ್ನೇ ಮಾಡುತ್ತದೆ. ಅದು ಕಳಚಿದರೆ ಕೈಗೆ ಮಸಿ ಹತ್ತುತ್ತದೆ, ಕಚೇರಿಗೆ ಹೋಗಲು ತಡವಾಗುತ್ತದೆ, ಸಾಮಾನ್ಯವಾಗಿ ಅಷ್ಟೇ. ಫಿಕ್ಸೆಡ್ ಗೇರಿನಲ್ಲಿ ಅದೇ ಚೈನು ಬ್ರೇಕಿನ ಕೆಲಸವನ್ನೂ ಮಾಡುತ್ತದೆ. ಓಡುವಾಗ ಅದು ಕಳಚಿದರೆ ಕಾಲಿನ ಹಿಡಿತವು ಆ ಕ್ಷಣವೇ ತಪ್ಪಿಹೋಗುತ್ತದೆ. ಕಳಚಿದ ಚೈನು ಹಲ್ಲುಚಕ್ರಕ್ಕೂ ಚೌಕಟ್ಟಿಗೂ ನಡುವೆ ಸಿಕ್ಕಿಕೊಂಡರಂತೂ ಹಿಂಗಾಲಿಯು ಥಟ್ಟನೆ ನಿಂತು ಸವಾರನು ನೆಲಕ್ಕುರುಳುತ್ತಾನೆ. ಆದುದರಿಂದ ಈ ಸೈಕಲ್ಲಿನ ಚೈನಿನ ವಿಚಾರವು ನೇರವಾಗಿ ಸವಾರನ ಕ್ಷೇಮದ ವಿಚಾರವಾಗಿದೆ.

ಚೈನನ್ನು ಆರಿಸುವ ಬಗೆ

ಇಂದು ಬಳಕೆಯಲ್ಲಿರುವ ರೋಲರ್ ಚೈನನ್ನು 1880ರಲ್ಲಿ ರೂಪಿಸಿದವನು ಹಾನ್ಸ್ ರೆನಾಲ್ಡ್. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ, ಉದ್ಯೋಗವನ್ನರಸಿ ಇಂಗ್ಲೆಂಡಿಗೆ ಬಂದು ಮ್ಯಾಂಚೆಸ್ಟರಿನಲ್ಲಿ ನೆಲೆಸಿದ ವಲಸೆಗಾರನೀತ. ಐದು ವರ್ಷಗಳ ತರುವಾಯ, 1885ರಲ್ಲಿ, ಜಾನ್ ಕೆಂಪ್ ಸ್ಟಾರ್ಲಿಯ ‘ರೋವರ್’ ಸೈಕಲ್ಲು ಹಿಂಗಾಲಿಯನ್ನು ಚೈನಿನಿಂದ ಓಡಿಸಿ ಜನಪ್ರಿಯವಾಯಿತು. ಇಂದಿನ ಸೈಕಲ್ಲಿನ ಆಕಾರವೂ ಬಹುಮಟ್ಟಿಗೆ ಅದರದೇ.

ಚೈನಿನ ಒಂದು ಪಿನ್ನಿನಿಂದ ಮತ್ತೊಂದು ಪಿನ್ನಿಗೆ ಇರುವ ಅಂತರ ಅರ್ಧ ಅಂಗುಲ, ಎಂದರೆ 12.7 ಮಿ.ಮೀ. ಈ ಅಳತೆಯು ಬಹುತೇಕ ಎಲ್ಲ ಸೈಕಲ್ಲುಗಳಿಗೂ ಒಂದೇ. ವ್ಯತ್ಯಾಸವಿರುವುದು ಅಗಲದಲ್ಲಿ. ನಮ್ಮ ಊರುಗಳ ಹಳೆಯ ಕರಿಬಣ್ಣದ ಸೈಕಲ್ಲುಗಳಿಗೂ ಅಂಕಣದ ಸೈಕಲ್ಲುಗಳಿಗೂ ಹೊಂದುವುದು ಅಂಗುಲದ ಎಂಟನೆಯ ಒಂದು ಭಾಗದಷ್ಟು ಒಳ ಅಗಲದ ಚೈನು. ಅನೇಕ ಗೇರುಗಳುಳ್ಳ ಸೈಕಲ್ಲುಗಳದು ಇದಕ್ಕಿಂತ ಕಿರಿದು. ಅಗಲವಾದ ಚೈನು ತೆಳುವಾದ ಹಲ್ಲಿನ ಮೇಲೆ ಓಡಬಲ್ಲದು. ಕಿರಿದಾದ ಚೈನು ದಪ್ಪ ಹಲ್ಲಿನ ಮೇಲೆ ಕೂರಲಾರದು. ಅಂಗಡಿಗೆ ಹೋಗುವಾಗ ಹಳೆಯ ಚೈನನ್ನೇ ಕಾಗದದಲ್ಲಿ ಸುತ್ತಿ ಒಯ್ಯುವುದು ಜಾಣತನ. ಭಾಷೆಯ ತೊಡಕೂ ಇಲ್ಲ. ಪಟಮಟದ ಅಂಗಡಿಯಲ್ಲೂ ಅದು ಚೈನೇ.

ಕೊಂಡಿಗಳ ಸಂಖ್ಯೆಯು ಸಮಸಂಖ್ಯೆಯಾಗಿರಬೇಕು. ಒಳಕೊಂಡಿ ಮತ್ತು ಹೊರಕೊಂಡಿಗಳು ಒಂದಾದ ಮೇಲೊಂದರಂತೆ ಬರುವುದೇ ಇದಕ್ಕೆ ಕಾರಣ. ಎಲ್ಲ ಕೊಂಡಿಗಳೂ ಒಂದೇ ಬಗೆಯಲ್ಲಿ ಬಾಗಿರುವ, ನೋಡಲು ಅಂದವಾದ ‘ಹಾಫ್ ಲಿಂಕ್’ ಚೈನುಗಳೂ ಮಾರುಕಟ್ಟೆಯಲ್ಲಿವೆ. ಇವು ಬೇಗ ಉದ್ದವಾಗುವ ಸ್ವಭಾವದವು. ಅಂದಕ್ಕೆ ಮರುಳಾಗದಿರುವುದೇ ಲೇಸು.

ಚೈನಿನ ಎರಡು ತುದಿಗಳನ್ನು ಕೂಡಿಸುವ ಚೈನ್‌ಲಾಕಿನ ಮೇಲೆ ಮೀನಿನ ಆಕಾರದ ಸಣ್ಣ ಕ್ಲಿಪ್ಪಿರುತ್ತದೆ. ಮೇಲಿನ ಸಾಲಿನಲ್ಲಿ ನೋಡಿದಾಗ ಮೀನಿನ ತಲೆಯು ಸೈಕಲ್ ಸಾಗುವ ದಿಕ್ಕಿಗೆ ಇರಬೇಕು. ಸೀಳಿದ ಬಾಲವು ಹಿಂದಿರಬೇಕು. ತಿರುವುಮುರುವಾದರೆ ಏನಾದರೊಂದು ತಗಲಿ ಕ್ಲಿಪ್ಪು ಹಾರಿಹೋಗುವ ಸಂಭವವುಂಟು.

ಬೆಸುಗೆಯ ಅಪಾಯ

ಪಟಮಟಕ್ಕೆ ಹೊಂದಿಕೊಂಡೇ ಇರುವ ಆಟೋನಗರವು ಲಾರಿಗಳ ದುರಸ್ತಿಗೆ ದೂರದೂರದವರೆಗೆ ಹೆಸರುವಾಸಿ. ಬೆಸುಗೆ ಹಾಕುವವರಿಗೆ ಅಲ್ಲಿ ಕೊರತೆಯಿಲ್ಲ. ಇಂತಹ ಅನುಕೂಲವಿರುವ ಯಾವ ಊರಿನಲ್ಲಾದರೂ ಹುಡುಗರಿಗೆ ಒಂದು ಯೋಚನೆ ಹೊಳೆಯುತ್ತದೆ: ಹಳೆಯ ಸೈಕಲ್ಲಿನ ಫ್ರೀವೀಲಿಗೆ ಬೆಸುಗೆ ಹಾಕಿಸಿದರೆ ಅಗ್ಗದಲ್ಲಿ ಫಿಕ್ಸೆಡ್ ಗೇರ್ ದೊರೆತಂತಾಗಲಿಲ್ಲವೆ?

ಈ ಉಳಿತಾಯವು ಬಹಳ ದುಬಾರಿಯಾದುದು. ಫ್ರೀವೀಲು ಗಾಲಿಯ ಹಬ್ಬಿಗೆ ಬಲಸುತ್ತಿನ ತಿರುಪಿನಿಂದ ಕೂತಿರುತ್ತದೆ. ಮುಂದಕ್ಕೆ ತುಳಿದಷ್ಟೂ ಅದು ಬಿಗಿಯಾಗುತ್ತದೆ. ಹಿಂದಕ್ಕೆ ಒತ್ತಿದರೆ ಸಡಿಲವಾಗುತ್ತದೆ. ನಿಜವಾದ ಫಿಕ್ಸೆಡ್ ಗೇರ್ ಹಬ್ಬಿನಲ್ಲಿ ಹಲ್ಲುಚಕ್ರದ ಹೊರಗೆ ಎಡಸುತ್ತಿನ ತಿರುಪುಳ್ಳ ಪ್ರತ್ಯೇಕವಾದ ಬಿಗಿಬಳೆಯೊಂದಿದ್ದು, ಅದು ಚಕ್ರವು ಬಿಚ್ಚಿಕೊಳ್ಳದಂತೆ ತಡೆಯುತ್ತದೆ. ಬೆಸುಗೆ ಹಾಕಿದ ಸೈಕಲ್ಲಿಗೆ ಆ ರಕ್ಷಣೆಯಿಲ್ಲ. ಸವಾರನು ನಿಲ್ಲಲೆಂದು ಕಾಲನ್ನು ಒತ್ತಿದ ಗಳಿಗೆಯಲ್ಲಿಯೇ, ಎಂದರೆ ಅತ್ಯಂತ ಅಗತ್ಯವಾದ ಗಳಿಗೆಯಲ್ಲಿಯೇ, ಅದು ಕೈಕೊಡಬಹುದು.

ಸವಕಳಿಯ ಲೆಕ್ಕ

ಪ್ರತಿಯೊಂದು ಯಂತ್ರಕ್ಕೂ ವರ್ಷವರ್ಷವೂ ಸವಕಳಿಯ ಲೆಕ್ಕ ಬರೆಯಬೇಕೆಂಬುದು ವಾಣಿಜ್ಯಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಬರೆಯದಿದ್ದರೆ ಆಸ್ತಿಯು ಪುಸ್ತಕದಲ್ಲಿ ಮಾತ್ರ ಗಟ್ಟಿಯಾಗಿ ಉಳಿಯುತ್ತದೆ. ಚೈನಿನ ಸವಕಳಿಯಂತೂ ಕಣ್ಣಿಗೆ ಕಾಣುವಂಥದಲ್ಲ, ಅಳೆದೇ ತಿಳಿಯಬೇಕು.

ಚೈನು ‘ಹಿಗ್ಗಿತು’ ಎನ್ನುವುದು ರೂಢಿ. ವಾಸ್ತವವಾಗಿ ಉಕ್ಕಿನ ಪಟ್ಟಿಗಳು ಹಿಗ್ಗುವುದಿಲ್ಲ. ಪಿನ್ನುಗಳೂ ಅವು ತಿರುಗುವ ರಂಧ್ರಗಳೂ ಸವೆಯುತ್ತವೆ. ಒಂದೊಂದು ಕೊಂಡಿಯಲ್ಲಿ 0.06 ಮಿ.ಮೀ.ನಷ್ಟು, ಕೂದಲೆಳೆಯಷ್ಟು, ಸವೆದರೂ 112 ಕೊಂಡಿಗಳ ಚೈನು ಸುಮಾರು 7 ಮಿ.ಮೀ. ಉದ್ದವಾಗುತ್ತದೆ. ಸಾಲದ ಬಡ್ಡಿಯಂತೆ ಸಣ್ಣದು ಕೂಡಿ ದೊಡ್ಡದಾಗುವ ಪರಿಯಿದು.

ಇದನ್ನು ಅಳೆಯಲು ಬೆಲೆಬಾಳುವ ಉಪಕರಣವೇನೂ ಬೇಡ. ಮಕ್ಕಳ ಕಂಪಾಸು ಪೆಟ್ಟಿಗೆಯ ಅಳತೆಪಟ್ಟಿಗಿಂತ ತುಸು ಉದ್ದವಾದ, ಒಂದು ಅಡಿಗೆ ಮೀರಿದ ಉಕ್ಕಿನ ಪಟ್ಟಿಯಿದ್ದರೆ ಸಾಕು. ಚೈನು ಬಿಗಿಯಾಗಿರುವಾಗ ಒಂದು ಪಿನ್ನಿನ ಮಧ್ಯಕ್ಕೆ ಸೊನ್ನೆಯನ್ನು ಹೊಂದಿಸಿ 24 ಕೊಂಡಿಗಳನ್ನು ಎಣಿಸಬೇಕು. ಹೊಸ ಚೈನಾದರೆ ಇಪ್ಪತ್ತನಾಲ್ಕನೆಯ ಕೊಂಡಿಯ ಪಿನ್ನು ಸರಿಯಾಗಿ 12 ಅಂಗುಲಕ್ಕೆ ಬರುತ್ತದೆ. ಅಂಗುಲದ ಹದಿನಾರನೆಯ ಒಂದು ಭಾಗದಷ್ಟು ಮೀರಿದ್ದರೆ ಹೊಸ ಚೈನನ್ನು ಕೊಳ್ಳುವ ಸಮಯ ಬಂದಿತೆಂದು ತಿಳಿಯಬೇಕು. ಎಂಟನೆಯ ಒಂದು ಭಾಗದಷ್ಟು ಮೀರಿದ್ದರೆ ಹಲ್ಲುಚಕ್ರಗಳೂ ಕೆಟ್ಟಿರುವ ಸಂಭವವೇ ಹೆಚ್ಚು. ಕೊಕ್ಕೆಯಂತೆ ಒಂದು ಪಕ್ಕಕ್ಕೆ ಬಾಗಿದ ಹಲ್ಲುಗಳು ಇದರ ಗುರುತು. ಅಂತಹ ಹಲ್ಲಿನ ಮೇಲೆ ಹೊಸ ಚೈನು ಹಾಕಿದರೂ ಅದು ಜಾರುತ್ತದೆ. ಕೆಲವು ನೂರು ರೂಪಾಯಿಗಳ ಚೈನನ್ನು ಸಕಾಲದಲ್ಲಿ ಬದಲಿಸಿದವನು ಅದಕ್ಕಿಂತ ಹೆಚ್ಚು ಬೆಲೆಯ ಹಲ್ಲುಚಕ್ರಗಳನ್ನು ಉಳಿಸಿಕೊಳ್ಳುತ್ತಾನೆ.

ಸಡಿಲವನ್ನು ಬೇರೆಯಾಗಿಯೇ ಪರೀಕ್ಷಿಸಬೇಕು. ಹಲ್ಲುಚಕ್ರಗಳು ಅಪ್ಪಟ ವೃತ್ತಾಕಾರವಾಗಿರುವುದು ಅಪರೂಪ. ಆದುದರಿಂದ ಪೆಡಲನ್ನು ನಿಧಾನವಾಗಿ ತಿರುಗಿಸುತ್ತ, ಚೈನು ಅತ್ಯಂತ ಬಿಗಿಯಾಗುವ ಜಾಗವನ್ನು ಕಂಡುಕೊಳ್ಳಬೇಕು. ಆ ಜಾಗದಲ್ಲಿ ಚೈನಿನ ನಡುಭಾಗವನ್ನು ಬೆರಳಿನಿಂದ ಮೇಲೆ ಕೆಳಗೆ ಆಡಿಸಿದಾಗ ಸುಮಾರು ಅರ್ಧ ಅಂಗುಲದಷ್ಟು ಅಲುಗಿದರೆ ಸರಿ. ಜೋತುಬಿದ್ದರೆ ಕಳಚುವ ಭಯ. ತಂತಿಯಂತೆ ಬಿಗಿದರೆ ಬೇರಿಂಗುಗಳಿಗೆ ಕೇಡು. ಹಿಂಗಾಲಿಯ ನಟ್ಟುಗಳನ್ನು ಸಡಿಲಿಸಿ, ಗಾಲಿಯನ್ನು ನೇರವಾಗಿ ಹಿಂದಕ್ಕೋ ಮುಂದಕ್ಕೋ ಸರಿಸಿ, ಮತ್ತೆ ಚೆನ್ನಾಗಿ ಬಿಗಿಯಬೇಕು. ಮುಂದಿನ ಮತ್ತು ಹಿಂದಿನ ಹಲ್ಲುಚಕ್ರಗಳು ಒಂದೇ ನೇರದಲ್ಲಿವೆಯೇ ಎಂಬುದನ್ನೂ ಹಿಂದೆ ನಿಂತು ನೋಡುವುದು ಒಳ್ಳೆಯದು.

ಎಣ್ಣೆ ಮತ್ತು ಶುಚಿ

ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ ನಡೆದು 1999ರಲ್ಲಿ ಪ್ರಕಟವಾದ ಪರೀಕ್ಷೆಗಳಲ್ಲಿ ಸೈಕಲ್ ಚೈನಿನ ದಕ್ಷತೆಯು ನೂರಕ್ಕೆ 98.6ರವರೆಗೂ ಕಂಡುಬಂದಿತು. ಪ್ರಯೋಗಾಲಯದ ಶುಚಿಯಾದ ಚೈನಿನಲ್ಲಿ ಎಣ್ಣೆಯಿಂದ ದಕ್ಷತೆಗೆ ಹೇಳಿಕೊಳ್ಳುವಷ್ಟು ಲಾಭವಾಗಲಿಲ್ಲವೆಂಬುದು ಅಚ್ಚರಿಯ ಸಂಗತಿ. ಹಾಗಾದರೆ ಎಣ್ಣೆ ಏತಕ್ಕೆ? ಬೀದಿಯ ಧೂಳು, ಮಳೆ, ತುಕ್ಕು ಇವುಗಳಿಂದ ಚೈನನ್ನು ಕಾಪಾಡಿ ಅದರ ಆಯುಸ್ಸನ್ನು ಹೆಚ್ಚಿಸುವುದಕ್ಕಾಗಿ. ವಿಶಾಖಪಟ್ಟಣ, ಮುಂಬಯಿ, ಚೆನ್ನೈಗಳಂತಹ ಕಡಲತೀರದ ನಗರಗಳಲ್ಲಿ ಉಪ್ಪುಗಾಳಿಯ ದೆಸೆಯಿಂದ ಈ ಆರೈಕೆಯು ಇನ್ನೂ ಅಗತ್ಯವೆನಿಸುತ್ತದೆ.

ಎಣ್ಣೆಯು ಕೊಂಡಿಯ ಒಳಗೆ ಸೇರಬೇಕು, ಹೊರಗೆ ಮೆತ್ತಿಕೊಂಡಿರಬಾರದು. ಚೈನನ್ನು ಸೀಮೆಎಣ್ಣೆಯಲ್ಲಿಯೋ ಡೀಸೆಲ್ಲಿನಲ್ಲಿಯೋ ತೊಳೆದು, ಚೆನ್ನಾಗಿ ಒಣಗಿಸಿ, ಒಂದೊಂದು ರೋಲರಿಗೂ ಒಂದೊಂದು ಹನಿ ಬಿಟ್ಟು, ಸ್ವಲ್ಪ ಹೊತ್ತಿನ ನಂತರ ಹೊರಗಿನದನ್ನು ಒರೆಸಬೇಕು. ಹೊಲಿಗೆ ಯಂತ್ರದ ಎಣ್ಣೆ ಬಲು ತೆಳು. ಒಂದು ಮಳೆಗೆ ತೊಳೆದುಹೋಗುತ್ತದೆ. ಕೊಬ್ಬರಿ ಎಣ್ಣೆಯು ಕಾಲಕ್ರಮದಲ್ಲಿ ಅಂಟಾಗಿ ಧೂಳನ್ನು ಹಿಡಿಯುತ್ತದೆ. ಗ್ಯಾರೇಜುಗಳಲ್ಲಿ ಪುಕ್ಕಟೆಯಾಗಿ ಸಿಗುವ ಬಳಸಿದ ಎಂಜಿನ್ ಎಣ್ಣೆಯನ್ನಂತೂ ಮುಟ್ಟಬಾರದು. ಅದರಲ್ಲಿರುವ ಲೋಹದ ಪುಡಿ ಚೈನನ್ನು ತಿನ್ನುತ್ತದೆ. ಮೇಲಿಂದ ಮೇಲೆ ತಗಲಿದರೆ ಅದು ಚರ್ಮಕ್ಕೂ ಹಾನಿಕರ. ಹೊಸ ಎಂಜಿನ್ ಎಣ್ಣೆಯಾಗಲಿ, ಸೈಕಲ್ ಚೈನಿಗೆಂದೇ ಮಾರುವ ಎಣ್ಣೆಯಾಗಲಿ ಆಗಬಹುದು.

ಇಲ್ಲಿ ಒಂದು ಎಚ್ಚರಿಕೆಯನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ಸಾಮಾನ್ಯ ಸೈಕಲ್ಲಿನ ಪೆಡಲನ್ನು ಹಿಂದಕ್ಕೆ ತಿರುಗಿಸುತ್ತ, ಬಟ್ಟೆಯಿಂದ ಚೈನನ್ನು ಹಿಡಿದು ಒರೆಸುವ ಅಭ್ಯಾಸ ಅನೇಕರಲ್ಲಿದೆ. ಫಿಕ್ಸೆಡ್ ಗೇರಿನಲ್ಲಿ ಗಾಲಿಯೂ ಜೊತೆಗೆ ತಿರುಗುತ್ತಿರುವುದರಿಂದ, ಬಟ್ಟೆಯು ಹಲ್ಲಿಗೆ ಸಿಕ್ಕಿದರೆ ಗಾಲಿಯ ರಭಸಕ್ಕೆ ಬೆರಳೂ ಒಳಗೆ ಎಳೆಯಲ್ಪಡುತ್ತದೆ. ಹೀಗೆ ಬೆರಳುಗಳನ್ನು ಕಳೆದುಕೊಂಡವರುಂಟು. ಚೈನನ್ನು ಒರೆಸುವಾಗ ಗಾಲಿಯು ಸಂಪೂರ್ಣವಾಗಿ ನಿಂತಿರಬೇಕು. ಒರೆಸಿ, ಕೈ ತೆಗೆದು, ಸ್ವಲ್ಪ ಸರಿಸಿ, ಮತ್ತೆ ಒರೆಸಬೇಕು. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಅವರನ್ನು ದೂರವಿಡಬೇಕು. ಇದೇ ಕಾರಣದಿಂದ ಪಂಚೆ, ಅಗಲ ಪೈಜಾಮ, ಚೂಡಿದಾರದ ದುಪಟ್ಟಾಗಳನ್ನು ತೊಟ್ಟು ಈ ಸೈಕಲ್ ಏರುವುದು ಸಲ್ಲದು.

ಬ್ರೇಕು ಮತ್ತು ಮೊಣಕಾಲು

ಅಂಕಣದ ಸೈಕಲ್ಲಿಗೆ ಬ್ರೇಕಿರುವುದಿಲ್ಲ. ಅಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಸಾಗುತ್ತಾರೆ. ಬೀದಿಯು ಅಂಕಣವಲ್ಲ. 2016ರಲ್ಲಿ ಲಂಡನ್ನಿನಲ್ಲಿ ಮುಂದಿನ ಬ್ರೇಕಿಲ್ಲದ ಫಿಕ್ಸೆಡ್ ಗೇರ್ ಸೈಕಲ್ಲು ಬಡಿದು ರಸ್ತೆ ದಾಟುತ್ತಿದ್ದ ಮಹಿಳೆಯೊಬ್ಬರು ಮೃತಪಟ್ಟರು. ಮರುವರ್ಷ ಯುವಕನಾದ ಸವಾರನಿಗೆ 18 ತಿಂಗಳ ಸೆರೆಯಾಯಿತು. ಎರಡು ಸಂಸಾರಗಳಿಗೆ ಒದಗಿದ ಈ ದುಃಖವನ್ನು ನೆನೆದಾದರೂ ಮುಂಗಾಲಿಗೆ ಬ್ರೇಕು ಹಾಕಿಸುವುದನ್ನು ತಂದೆತಾಯಿಗಳು ಕಡ್ಡಾಯ ಮಾಡಬೇಕು. ಚೈನು ಕಳಚಿದಾಗ ಸವಾರನಿಗೆ ಉಳಿಯುವ ಆಸರೆ ಅದೊಂದೇ.

ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳಷ್ಟು ಮಧ್ಯಮ ಪ್ರಮಾಣದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸೂಚಿಸಿದೆ. ವಾರಕ್ಕೆ ಐದು ಬೆಳಗು, ಅರ್ಧ ಗಂಟೆಯ ಸವಾರಿಯಿಂದ ಈ ನಿಯಮವು ಪಾಲನೆಯಾಗುತ್ತದೆ. ಆದರೆ ಫಿಕ್ಸೆಡ್ ಗೇರಿನಲ್ಲಿ ಕಾಲಿಗೆ ವಿಶ್ರಾಂತಿಯಿಲ್ಲವೆಂಬುದನ್ನು ಮರೆಯಲಾಗದು. ಮುಂದೆ 44, ಹಿಂದೆ 18 ಹಲ್ಲುಗಳಿರುವ ಸೈಕಲ್ಲು ಒಂದು ಸುತ್ತಿಗೆ 5 ಮೀಟರಿಗೂ ತುಸು ಹೆಚ್ಚು ಸಾಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 18 ಕಿಲೋಮೀಟರಿಗೂ ತುಸು ಮಿಗಿಲು. ಹೊಸಬರಿಗೆ ಇಷ್ಟು ಸಾಕು. ಇದಕ್ಕಿಂತ ಭಾರವಾದ ಗೇರನ್ನು ತುಳಿಯುವುದೂ, ಅದನ್ನು ಕಾಲಿನಿಂದ ತಡೆಯುವುದೂ ಮೊಣಕಾಲಿಗೆ ಹೊರೆ. ಸೀಟಿನ ಎತ್ತರವು, ಪೆಡಲು ಕೆಳಗಿರುವಾಗ ಅದರ ಮೇಲಿಟ್ಟ ಹಿಮ್ಮಡಿಗೆ ಕಾಲು ನೇರವಾಗುವಷ್ಟಿರಬೇಕು. ಮೊಣಕಾಲು ನೋವು, ಹೃದಯದ ತೊಂದರೆ ಉಳ್ಳವರು ವೈದ್ಯರ ಸಲಹೆ ಪಡೆಯಲೇಬೇಕು; ಅವರಿಗೆ ಫ್ರೀವೀಲಿನ ಸಾಮಾನ್ಯ ಸೈಕಲ್ಲೇ ಹಿತ.

ಮಗನಿಗೆ ಸೈಕಲ್ ಕೊಡಿಸುವ ತಂದೆಯು ಅದರೊಡನೆ ಒಂದು ಉಕ್ಕಿನ ಅಳತೆಪಟ್ಟಿಯನ್ನೂ ಕೊಡಿಸಲಿ. ತಿಂಗಳ ಮೊದಲ ಭಾನುವಾರ ತಂದೆ ಮಗ ಇಬ್ಬರೂ ಅಂಗಳದಲ್ಲಿ ಕುಳಿತು 24 ಕೊಂಡಿಗಳನ್ನು ಎಣಿಸಲಿ. ಗೋಡೆಯ ಕ್ಯಾಲೆಂಡರಿನಲ್ಲಿ ಅಳತೆಯನ್ನು ಬರೆದಿಡಲಿ. ಇದಕ್ಕೆ ತಗಲುವುದು ಹತ್ತು ನಿಮಿಷ. ವ್ಯಾಯಾಮದಿಂದ ಗಳಿಸಿದ ಆರೋಗ್ಯವು ಒಂದು ಸವೆದ ಕೊಂಡಿಯ ಕಾರಣದಿಂದ ಆಸ್ಪತ್ರೆಯ ಪಾಲಾಗದಿರಲು ಈ ಹತ್ತು ನಿಮಿಷಗಳ ಲೆಕ್ಕಪರಿಶೋಧನೆ ಸಾಕು.