ಇರುವೆ ಗೂಡಿನಲ್ಲಿ ಹಾವಿನ ಮೊಟ್ಟೆ

ಪ್ರಶ್ನೆ: ಹಾವುಗಳು ಇರುವೆ ಗೂಡಿನಲ್ಲಿ ಮೊಟ್ಟೆ ಇಡುತ್ತವೆಯಂತೆ. ಇರುವೆಗಳು ಸುಮ್ಮನಿರುತ್ತವೆಯೇ?

ಉತ್ತರ: ಇಡುತ್ತವೆ, ಇರುವೆಗಳು ಸುಮ್ಮನಿರುವುದೂ ನಿಜ. ಆದರೆ ನಮ್ಮೂರಿನ ಹುತ್ತವನ್ನು ಇದಕ್ಕೆ ಸೇರಿಸಬೇಡಿ. ಅದನ್ನು ಕಟ್ಟುವುದು ಗೆದ್ದಲು. ಗೆದ್ದಲು ಜಿರಲೆಯ ನೆಂಟನೇ ಹೊರತು ಇರುವೆಯಲ್ಲ.

ಈ ಸಂಗತಿ ನಡೆಯುವುದು ಮಧ್ಯ ಮತ್ತು ದಕ್ಷಿಣ ಅಮೆರಿಕದಲ್ಲಿ. ಅಲ್ಲಿನ ಎಲೆ ಕತ್ತರಿಸುವ ಇರುವೆಗಳು ಎಲೆಚೂರುಗಳನ್ನು ಹೊತ್ತು ತಂದು, ಅಗಿದು, ಅದರ ಮೇಲೆ ಶಿಲೀಂಧ್ರ ಬೆಳೆಸಿ ಉಣ್ಣುತ್ತವೆ. ಸ್ಪಂಜಿನಂತೆ ತೂತುತೂತಾದ ಆ ಬೂದುಬಣ್ಣದ ತೋಟದಲ್ಲಿ ಸದಾ ತೇವ, ಹದವಾದ ಶಾಖ. ಬೇರೆ ಬೂಷ್ಟು ಹತ್ತದಂತೆ ಇರುವೆಗಳು ಅದನ್ನು ಹಗಲಿರುಳು ಶುಚಿಮಾಡುತ್ತವೆ. ಹಾವಿನ ಮೊಟ್ಟೆಯ ಚಿಪ್ಪು ಮೆತ್ತಗೆ. ಒಣಗಿದರೂ ಬೂಷ್ಟು ಹಿಡಿದರೂ ಮರಿ ಉಳಿಯದು. ಇದಕ್ಕಿಂತ ಒಳ್ಳೆಯ ಬಾಣಂತಿಕೋಣೆ ಬೇಕೇ? ಪನಾಮಾದಲ್ಲಿ ಇಂಥ ತೋಟದ ನಡುವೆಯೇ ಹುದುಗಿದ್ದ ಹಾವಿನ ಮೊಟ್ಟೆಗಳ ಬಗ್ಗೆ 2009ರಲ್ಲಿ ವರದಿಯಾಯಿತು. ಇರುವೆಗಳು ಅವಕ್ಕೆ ಹಾನಿ ಮಾಡಿರಲಿಲ್ಲ.

ಇರುವೆ ತನ್ನವರು, ಪರರು ಎಂದು ಗುರುತಿಸುವುದು ಮುಖ್ಯವಾಗಿ ವಾಸನೆಯಿಂದ. ಮೊಟ್ಟೆ ಪಾರಾಗುವ ಗುಟ್ಟು ಅಲ್ಲೇ ಇರಬೇಕೆಂದು ನನ್ನ ಅನಿಸಿಕೆ. ಹಾವಷ್ಟೇ ಅಲ್ಲ, ಮಣ್ಣೊಳಗೆ ಬಾಳುವ ಆಂಫಿಸ್ಬೀನಾ ಎಂಬ ಕಾಲಿಲ್ಲದ ಸರೀಸೃಪವೂ ಇದೇ ಇರುವೆಗಳ ಹಾದಿಯ ವಾಸನೆ ಹಿಡಿದು ಅವುಗಳ ಗೂಡು ಸೇರುತ್ತದೆ.